ಅರವತ್ತು ಸಾವಿರ ಯೂನಿಟ್‌ನ ಗುಳಿಗೆ



ಮೆಡಿಕಲ್ ಶಾಪಿನಲ್ಲಿ ವಿಟಮಿನ್ ಡಿ ಕೊಡಿ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಹಾಲಿನಲ್ಲಿ ಕದಡಿ ಕುಡಿಯುವ ಪುಡಿಯ ಪುಟ್ಟ ಪೊಟ್ಟಣ, ಇಲ್ಲವೇ ಎಣ್ಣೆ ತುಂಬಿದ ಮೆತ್ತನೆಯ ಗುಳಿಗೆ. ಹೆಚ್ಚಾಗಿ ಎರಡರ ಮೇಲೂ ಒಂದೇ ಅಂಕಿ ಇರುತ್ತದೆ: 60,000 ಯೂನಿಟ್. ಈ ಅಂಕಿಯ ಅರ್ಥವೇನೆಂದು ಮೊದಲು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೊರತಂದ ಶಿಫಾರಸಿನ ಪ್ರಕಾರ, ಬಿಸಿಲು ಅಷ್ಟಾಗಿ ತಾಗದ ದೊಡ್ಡವರಿಗೆ ದಿನಕ್ಕೆ 600 ಯೂನಿಟ್ ಸಾಕು. ತೂಕದಲ್ಲಿ ಹೇಳಿದರೆ 15 ಮೈಕ್ರೋಗ್ರಾಂ, ಅಂದರೆ ಕಣ್ಣಿಗೆ ಕಾಣದಷ್ಟು ಕಡಿಮೆ. ಆ ಲೆಕ್ಕದಲ್ಲಿ ಒಂದು ಗುಳಿಗೆಯೊಳಗೆ ನೂರು ದಿನಕ್ಕೆ ಬೇಕಾದದ್ದು ಇದೆ.

ಕೊರತೆ ಇದ್ದವರಿಗೆ ಇದನ್ನು ವಾರಕ್ಕೊಂದರಂತೆ ಎಂಟು ವಾರ ಕೊಡುವುದು ರೂಢಿ. ಖಾಲಿಯಾದ ಉಗ್ರಾಣವನ್ನು ತುಂಬುವ ಮಟ್ಟಿಗೆ ಅದು ಸರಿಯಾದ ಚಿಕಿತ್ಸೆ. ಆದರೆ ಚೀಟಿಯಲ್ಲಿ ವಾರಕ್ಕೊಂದು ಎಂದಿದ್ದದ್ದು ಮನೆಗೆ ಹೋಗುವಷ್ಟರಲ್ಲಿ ದಿನಕ್ಕೊಂದು ಆಗಿಬಿಡುತ್ತದೆ. ಬಿ.ಪಿ. ಮಾತ್ರೆ ದಿನಾ ನುಂಗುವವರು, ಶುಗರ್ ಮಾತ್ರೆ ದಿನಾ ನುಂಗುವವರು ಇದನ್ನೂ ಅದರ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಎಂಟು ವಾರಕ್ಕೆ ಎಂದು ಬರೆದದ್ದನ್ನು ಎರಡು ವರ್ಷ ಮುಂದುವರಿಸಿದವರೂ ಇದ್ದಾರೆ. ಇದು ವಿಟಮಿನ್ ತಾನೇ, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ ಎಂಬ ನಂಬಿಕೆ. ಬಿ ಮತ್ತು ಸಿ ವಿಟಮಿನ್ನುಗಳ ಮಟ್ಟಿಗೆ ಆ ಮಾತು ಬಹುಪಾಲು ನಿಜ. ಡಿ ಕೊಬ್ಬಿನಲ್ಲಿ ಕರಗುವಂಥದ್ದು. ಮೈಯ ಕೊಬ್ಬಿನಲ್ಲಿ ಸೇರಿಕೊಂಡು ತಿಂಗಳುಗಟ್ಟಲೆ ಉಳಿಯುತ್ತದೆ.

ಇವತ್ತು ಈ ವಿಷಯ ಎತ್ತಿಕೊಂಡದ್ದಕ್ಕೆ ಕಾರಣ ಇದೊಂದೇ ಅಲ್ಲ. ಬೇಡದವರು ಲೀಲಾಜಾಲವಾಗಿ ನುಂಗುತ್ತಿರುವ ಈ ವಸ್ತು, ನಿಜವಾಗಿ ಬೇಕಾದವರಿಗೆ ಸಿಗುತ್ತಿಲ್ಲ. ಎದೆಹಾಲು ಕುಡಿಯುವ ಕೂಸು, ವರ್ಷಗಟ್ಟಲೆ ಮನೆಯಿಂದ ಹೊರಗೆ ಕಾಲಿಡದ ಅಜ್ಜಿ, ಫಿಟ್ಸ್ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ಹುಡುಗ, ಇಂಥವರ ಹೆಸರು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಈ ಏರುಪೇರು ನನ್ನನ್ನು ಬಹಳ ಕಾಡುತ್ತದೆ.

ವಿಟಮಿನ್ ಡಿ ಮಾಡುವ ಮುಖ್ಯ ಕೆಲಸ, ನಾವು ತಿಂದ ಆಹಾರದಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳುವಂತೆ ಮಾಡುವುದು. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ಶೇಕಡಾ ಹತ್ತು ಹದಿನೈದರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ, ಉಳಿದದ್ದು ಹಾಗೆಯೇ ಹೊರಗೆ ಹೋಗುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯ, ನರ, ಸ್ನಾಯು ಯಾವುದೂ ನಡೆಯದು. ಹಾಗಾಗಿ ದೇಹ ಮೂಳೆಯಿಂದ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ಬೆಳೆಯುವ ಮಕ್ಕಳಲ್ಲಿ ಹೊಸ ಮೂಳೆಗೆ ಸುಣ್ಣದಂಶ ಸೇರದೆ, ಕಂಬಿ ಕಟ್ಟಿ ಕಾಂಕ್ರೀಟ್ ಹಾಕದೆ ಬಿಟ್ಟ ಕಂಬದಂತೆ ಅದು ಮೆತ್ತಗೆ ಉಳಿಯುತ್ತದೆ. ಮಗು ಎದ್ದು ನಿಂತಾಗ ಮೈಭಾರಕ್ಕೆ ಕಾಲು ಬಾಗುತ್ತದೆ, ಮಣಿಕಟ್ಟು ದಪ್ಪಗಾಗುತ್ತದೆ. ಇದೇ ರಿಕೆಟ್ಸ್.

ಈ ಕಾಯಿಲೆಯ ಗುಟ್ಟು ಬಿಚ್ಚಿಕೊಂಡ ಬಗೆ ವೈದ್ಯ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಅಧ್ಯಾಯ. ಕಾರ್ಖಾನೆಗಳ ಹೊಗೆ ಕವಿದ ಯುರೋಪಿನ ನಗರಗಳಲ್ಲಿ ಬಡವರ ಮಕ್ಕಳ ಕಾಲುಗಳು ಸೊಟ್ಟಗಾಗುತ್ತಿದ್ದವು. 1822ರಲ್ಲೇ ಪೋಲೆಂಡಿನ ಸ್ನ್ಯಾಡೆಟ್ಸ್ಕಿ ಎಂಬ ವೈದ್ಯ, ನಗರದ ಮಕ್ಕಳಿಗೆ ಹೆಚ್ಚಾಗಿ ಬರುವ ಈ ರೋಗ ಹಳ್ಳಿಯ ಮಕ್ಕಳಲ್ಲಿ ಅಪರೂಪ, ಬಿಸಿಲೇ ಇದಕ್ಕೆ ಮದ್ದು ಎಂದು ಬರೆದಿದ್ದ. ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1919ರಲ್ಲಿ ಎರಡು ದೇಶಗಳಲ್ಲಿ ಎರಡು ಬೇರೆ ಬೇರೆ ಉತ್ತರಗಳು ಬಂದವು. ಇಂಗ್ಲೆಂಡಿನಲ್ಲಿ ಎಡ್ವರ್ಡ್ ಮೆಲ್ಲನ್‌ಬಿ ನಾಯಿಮರಿಗಳನ್ನು ಒಳಗೇ ಇಟ್ಟು, ಓಟ್ಸ್ ಗಂಜಿ ತಿನ್ನಿಸಿ ರಿಕೆಟ್ಸ್ ಬರಿಸಿದರು. ಕಾಡ್ ಮೀನಿನ ಎಣ್ಣೆ ಕೊಟ್ಟು ವಾಸಿಮಾಡಿದರು. ಹಾಗಾದರೆ ಇದು ಆಹಾರದ ಕೊರತೆ. ಅದೇ ವರ್ಷ ಬರ್ಲಿನ್ನಿನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ, ರೋಗದ ಮಕ್ಕಳ ಮೈಗೆ ನೇರಳಾತೀತ ಕಿರಣ ಸೂಸುವ ದೀಪದ ಬೆಳಕು ಬಿಟ್ಟು ವಾಸಿಮಾಡಿದರು. ಹಾಗಾದರೆ ಇದು ಬೆಳಕಿನ ಕೊರತೆ. ಹುಲ್ಡ್‌ಶಿನ್ಸ್ಕಿ ಇನ್ನೂ ಒಂದು ಸಂಗತಿ ಗಮನಿಸಿದರು: ಒಂದೇ ತೋಳಿಗೆ ಬೆಳಕು ಕೊಟ್ಟರೂ ಇನ್ನೊಂದು ತೋಳಿನ ಮೂಳೆಯೂ ಗಟ್ಟಿಯಾಯಿತು. ಬೆಳಕು ಬಿದ್ದ ಚರ್ಮದಲ್ಲಿ ಏನೋ ಒಂದು ತಯಾರಾಗಿ, ರಕ್ತದಲ್ಲಿ ಹರಿದು ಎಲ್ಲ ಕಡೆ ತಲುಪುತ್ತಿದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕೆ?

1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಂ, ಮೀನೆಣ್ಣೆಯನ್ನು ಕಾಯಿಸಿ, ಅದರೊಳಗೆ ಗಾಳಿ ಹಾಯಿಸಿ ವಿಟಮಿನ್ ಎ ಹಾಳುಮಾಡಿದ ಮೇಲೂ ಅದು ರಿಕೆಟ್ಸ್ ವಾಸಿಮಾಡುತ್ತದೆ ಎಂದು ತೋರಿಸಿದರು. ಎ, ಬಿ, ಸಿ ಆಗಲೇ ಇದ್ದವು. ಇದಕ್ಕೆ ಡಿ ಎಂಬ ಅಕ್ಷರ ಬಂತು. ನಿಜಕ್ಕೂ ಇದು ವಿಟಮಿನ್ ಎನ್ನುವುದಕ್ಕಿಂತ ಹಾರ್ಮೋನಿಗೆ ಹತ್ತಿರದ್ದು. ನಮ್ಮ ಚರ್ಮದಲ್ಲಿರುವ ಕೊಲೆಸ್ಟ್ರಾಲ್ ಜಾತಿಯ ಒಂದು ವಸ್ತುವಿನ ಮೇಲೆ ಬಿಸಿಲಿನ ನೇರಳಾತೀತ ಬಿ ಕಿರಣ ಬಿದ್ದಾಗ ಇದು ಹುಟ್ಟುತ್ತದೆ. ಆಮೇಲೆ ಲಿವರಿನಲ್ಲಿ ಒಂದು ಸಲ, ಕಿಡ್ನಿಯಲ್ಲಿ ಇನ್ನೊಂದು ಸಲ ರೂಪ ಬದಲಿಸಿಕೊಂಡು ಕೆಲಸಕ್ಕೆ ಸಿದ್ಧವಾಗುತ್ತದೆ. ಕಿಡ್ನಿ ಕೆಟ್ಟವರಿಗೆ ಸಾಮಾನ್ಯ ಡಿ ಗುಳಿಗೆಯೊಂದೇ ಸಾಲದೆ ಹೋಗುವುದು, ಸಿದ್ಧರೂಪದ ಬೇರೆ ಔಷಧ ಬೇಕಾಗುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಾಯಚೂರು, ಕಲಬುರಗಿಯಂಥ ಬಿಸಿಲೂರುಗಳಿರುವ ನಮ್ಮ ನಾಡಿನಲ್ಲಿ ಈ ಕೊರತೆ ಬರುವುದಾದರೂ ಹೇಗೆ? ಅಮೆರಿಕದ ಬಾಸ್ಟನ್ನಿನಂಥ ಉತ್ತರದ ಊರಿನಲ್ಲಿ ಚಳಿಗಾಲದ ಕೆಲವು ತಿಂಗಳು, ಇಡೀ ದಿನ ಹೊರಗೆ ನಿಂತರೂ ಚರ್ಮದಲ್ಲಿ ವಿಟಮಿನ್ ಡಿ ಹುಟ್ಟುವುದಿಲ್ಲ. ಓರೆಯಾಗಿ ಬರುವ ಬಿಸಿಲಿನಲ್ಲಿ ಆ ಕಿರಣವೇ ಇರುವುದಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ನಮಗೆ ಆ ತಾಪತ್ರಯವಿಲ್ಲ. ಡಿಸೆಂಬರಿನಲ್ಲೂ ನಡುಹಗಲು ಸೂರ್ಯ ಸಾಕಷ್ಟು ಎತ್ತರದಲ್ಲಿರುತ್ತಾನೆ. ನಮ್ಮಲ್ಲಿ ಬಿಸಿಲಿದೆ, ಬಿಸಿಲಿನಲ್ಲಿ ನಾವಿಲ್ಲ. ಹಗಲೆಲ್ಲ ಕಚೇರಿಯೊಳಗೆ, ಗಾರ್ಮೆಂಟ್ ಕಾರ್ಖಾನೆಯೊಳಗೆ, ತರಗತಿಯೊಳಗೆ ಇರುತ್ತೇವೆ. ಕಿಟಕಿಯ ಗಾಜಿನ ಪಕ್ಕ ಕೂತರೆ ಬೆಚ್ಚಗಾಗುತ್ತದೆಯೇ ಹೊರತು ಡಿ ಹುಟ್ಟುವುದಿಲ್ಲ. ಗಾಜು ಆ ಕಿರಣವನ್ನು ಒಳಗೆ ಬಿಡುವುದಿಲ್ಲ. ಕಪ್ಪು ಚರ್ಮದ ಮೆಲನಿನ್ ಕೂಡ ಅದನ್ನು ತಡೆಯುತ್ತದೆ, ಹಾಗಾಗಿ ಬಿಳಿಯರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು. 2000ದಲ್ಲಿ ದೆಹಲಿಯ ಏಮ್ಸ್ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಹೊರಗೆ ದುಡಿಯುವ ಸೈನಿಕರ ರಕ್ತದಲ್ಲಿ ಡಿ ಚೆನ್ನಾಗಿತ್ತು. ಆಸ್ಪತ್ರೆಯೊಳಗೆ ದುಡಿಯುವ ವೈದ್ಯರು, ದಾದಿಯರ ರಕ್ತದಲ್ಲಿ ಕಡಿಮೆಯಿತ್ತು. ನೆರೆರಾಜ್ಯದ ತಿರುಪತಿಯಲ್ಲಿ ಡಾ. ಹರಿನಾರಾಯಣ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನದಲ್ಲೂ ಹಳ್ಳಿಯವರ ಮಟ್ಟ ಪಟ್ಟಣದವರಿಗಿಂತ ಮೇಲಿತ್ತು, ಆದರೆ ಇಬ್ಬರ ಊಟದಲ್ಲೂ ಕ್ಯಾಲ್ಸಿಯಂ ಕಡಿಮೆಯಿತ್ತು. ಈ ಕೊನೆಯ ಮಾತು ನೆನಪಿಡಿ, ಮತ್ತೆ ಅದಕ್ಕೆ ಬರುತ್ತೇನೆ.

ಎಳೆಬಿಸಿಲಿನ ವಿಷಯ ಹೇಳಲೇಬೇಕು. ಕೂಸಿಗೆ ಎಣ್ಣೆ ಹಚ್ಚಿ, ಬೆಳಗಿನ ಎಳೆಬಿಸಿಲಿಗೆ ಹಿಡಿದು, ನೀರೆರೆಯುವ ಪದ್ಧತಿ ನಮ್ಮ ಮನೆಗಳಲ್ಲಿ ಇದೆ. ಕೂಸಿಗೆ ಅದು ಹಿತ, ಮಾಡಿ. ದೊಡ್ಡವರೂ ಬೆಳಗ್ಗೆ ಆರೂವರೆಗೆ ವಾಕಿಂಗ್ ಹೋಗಿ ವಿಟಮಿನ್ ಡಿ ಆಯಿತು ಎಂದುಕೊಳ್ಳುತ್ತಾರೆ. ಆ ಹೊತ್ತಿನ ಬಿಸಿಲಿನಲ್ಲಿ ಬೇಕಾದ ಕಿರಣ ಬಹಳ ಕಡಿಮೆ. ನಿಮ್ಮ ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡವಾಗಿರುವ ಹೊತ್ತು, ಅಂದಾಜು ಹತ್ತೂವರೆಯಿಂದ ಎರಡು ಗಂಟೆಯ ನಡುವೆ, ಕೆಲಸ ಮಾಡುವ ಬಿಸಿಲು ಅದು. ತೋಳು, ಕಾಲು, ಮುಖಕ್ಕೆ ತಾಗುವಂತೆ ಹದಿನೈದು ನಿಮಿಷದಿಂದ ಅರ್ಧ ಗಂಟೆ, ವಾರದಲ್ಲಿ ಮೂರು ನಾಲ್ಕು ದಿನ ಸಾಕಾಗುತ್ತದೆ. ಚರ್ಮ ಉರಿಯುವ ತನಕ ನಿಲ್ಲಬೇಡಿ. ಬಿರುಬೇಸಗೆಯ ಮಧ್ಯಾಹ್ನ ವಯಸ್ಸಾದವರು ಹೀಗೆ ನಿಲ್ಲುವುದು ಬೇಡವೇ ಬೇಡ. ಅವರಿಗೆ ಗುಳಿಗೆಯೇ ಕ್ಷೇಮ.

ಬಿಸಿಲಿನಲ್ಲಿ ಒಂದು ದೊಡ್ಡ ಗುಣವಿದೆ. ಎಷ್ಟು ಹೊತ್ತು ನಿಂತರೂ ಅದರಿಂದ ವಿಟಮಿನ್ ಡಿ ಮಿತಿಮೀರುವುದಿಲ್ಲ. ಒಂದು ಮಟ್ಟ ಮುಟ್ಟಿದ ಮೇಲೆ, ಚರ್ಮದಲ್ಲಿ ಹುಟ್ಟಿದ ಹೆಚ್ಚಿನದನ್ನು ಅದೇ ಬಿಸಿಲು ಕೆಲಸಕ್ಕೆ ಬಾರದ ಬೇರೆ ವಸ್ತುಗಳಾಗಿ ಒಡೆದುಹಾಕುತ್ತದೆ. ಹೊಲದಲ್ಲಿ ಇಡೀ ದಿನ ದುಡಿದವರು ಯಾರೂ ಡಿ ಹೆಚ್ಚಾಗಿ ಆಸ್ಪತ್ರೆಗೆ ಬಂದದ್ದಿಲ್ಲ. ಬಾಯಿಂದ ಹೋದ ಗುಳಿಗೆಗೆ ಇಂಥ ತಡೆ ಇಲ್ಲ. ನುಂಗಿದಷ್ಟೂ ಒಳಗೆ ಸೇರುತ್ತದೆ.

ಸೇರಿ ಏನು ಮಾಡುತ್ತದೆ? ರಕ್ತದ ಕ್ಯಾಲ್ಸಿಯಂ ಏರುತ್ತದೆ. ಹಸಿವು ಸಾಯುತ್ತದೆ, ವಾಂತಿ, ಮಲಬದ್ಧತೆ, ಬಿಡದ ಬಾಯಾರಿಕೆ, ಮತ್ತೆ ಮತ್ತೆ ಮೂತ್ರ. ಶುಗರ್ ಇರಬಹುದೆಂದು ಪರೀಕ್ಷಿಸಿದರೆ ಶುಗರ್ ಸರಿ ಇರುತ್ತದೆ. ವಯಸ್ಸಾದವರು ಮಂಕಾಗುತ್ತಾರೆ, ಮಾತು ಅಸ್ತವ್ಯಸ್ತವಾಗುತ್ತದೆ. ಮನೆಯವರು ಅರಳುಮರಳು ಎಂದುಕೊಳ್ಳುತ್ತಾರೆ. ಕೊನೆಗೆ ಕಿಡ್ನಿಗೆ ಪೆಟ್ಟು. ಕಾಶ್ಮೀರದಲ್ಲಿ ಇಂಥ ರೋಗಿಗಳ ಸರಣಿಯನ್ನೇ ವೈದ್ಯರು 2011ರಲ್ಲಿ ವರದಿ ಮಾಡಿದರು. ಡಿ ಕೊರತೆ ವ್ಯಾಪಕವಾಗಿರುವ ಪ್ರದೇಶ ಅದು. ಅಲ್ಲೇ ಅತಿಯಾದ ಡಿ ಯಿಂದ ಜನ ಹಾಸಿಗೆ ಹಿಡಿದಿದ್ದರು. ಆರು ಲಕ್ಷ ಯೂನಿಟ್‌ನ ಇಂಜೆಕ್ಷನ್ ಕೂಡ ನಮ್ಮ ದೇಶದಲ್ಲಿ ಸಿಗುತ್ತದೆ. ಸೊಂಟನೋವಿಗೆ ಒಂದು, ಮಂಡಿನೋವಿಗೆ ಇನ್ನೊಂದು ಎಂದು ಅದನ್ನು ಬೇರೆ ಬೇರೆ ಕಡೆ ಹಾಕಿಸಿಕೊಂಡವರನ್ನು ನೋಡಿದಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. ಥಯಜೈಡ್ ಜಾತಿಯ ಬಿ.ಪಿ. ಮಾತ್ರೆ ನುಂಗುವವರಲ್ಲಿ ಕ್ಯಾಲ್ಸಿಯಂ ಇನ್ನೂ ಬೇಗ ಏರುತ್ತದೆ. ಕಿಡ್ನಿಯಲ್ಲಿ ಕಲ್ಲು ಆಗಿದ್ದವರು ವೈದ್ಯರಿಗೆ ಮೊದಲೇ ಹೇಳಬೇಕು.

ಸಮಾಜವೊಂದು ಒಟ್ಟಾಗಿ ಈ ಅತಿರೇಕಕ್ಕೆ ಬಿದ್ದದ್ದೂ ಉಂಟು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ ತನ್ನ ಕೂಸುಗಳ ಹಾಲಿನ ಪುಡಿಗೆ, ಗಂಜಿಯ ಹಿಟ್ಟಿಗೆ ಧಾರಾಳವಾಗಿ ಡಿ ಸೇರಿಸಿತು, ಜೊತೆಗೆ ಮೀನೆಣ್ಣೆಯನ್ನೂ ಹಂಚಿತು. ರಿಕೆಟ್ಸ್ ಹೆಚ್ಚುಕಡಿಮೆ ಮಾಯವಾಯಿತು. ಆದರೆ 1950ರ ದಶಕದಲ್ಲಿ ಕೂಸುಗಳ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಅವು ಹಾಲು ಕುಡಿಯದೆ, ವಾಂತಿ ಮಾಡಿ ಸೊರಗತೊಡಗಿದವು. 1957ರಲ್ಲಿ ಸರ್ಕಾರ ಆ ಪ್ರಮಾಣವನ್ನು ಇಳಿಸಿತು. ಅದೇ ಬ್ರಿಟನ್ನಿನಲ್ಲಿ, ಅರವತ್ತರ ದಶಕದಲ್ಲಿ, ಗ್ಲಾಸ್ಗೋ ನಗರಕ್ಕೆ ವಲಸೆ ಬಂದ ಭಾರತ, ಪಾಕಿಸ್ತಾನದ ಕುಟುಂಬಗಳ ಮಕ್ಕಳಲ್ಲಿ ರಿಕೆಟ್ಸ್ ಮತ್ತೆ ಕಾಣಿಸಿಕೊಂಡಿತು. ಕಪ್ಪು ಚರ್ಮ, ಮೋಡದ ಊರು, ಮೈ ಮುಚ್ಚುವ ಉಡುಪು. ಅಲ್ಲಿಯ ತಜ್ಞರ ಸಮಿತಿ 2016ರಿಂದ ಎಲ್ಲರಿಗೂ ದಿನಕ್ಕೆ 400 ಯೂನಿಟ್ ಹೇಳುತ್ತದೆ. ನಮ್ಮಂಥ ಮೈಬಣ್ಣದವರಿಗೆ ಚಳಿಗಾಲಕ್ಕೆ ಮಾತ್ರವಲ್ಲ, ವರ್ಷವಿಡೀ ಮಾತ್ರೆಯ ಬಗ್ಗೆ ಯೋಚಿಸಿ ಎನ್ನುತ್ತದೆ. ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಮಗ ಸೊಸೆಯನ್ನು ಕಳಿಸಿರುವ ತಂದೆತಾಯಿಯರು ಈ ಒಂದು ಮಾತನ್ನು ಫೋನಿನಲ್ಲಿ ಹೇಳಿ.

ಇನ್ನು, ಡಿ ಗುಳಿಗೆ ನುಂಗಿದರೆ ಹೃದಯಾಘಾತ ಬರುವುದಿಲ್ಲ, ಕ್ಯಾನ್ಸರ್ ಬರುವುದಿಲ್ಲ, ಶುಗರ್ ಬರುವುದಿಲ್ಲ ಎಂಬ ಮಾತುಗಳು. ಇಂಥ ಕಾಯಿಲೆ ಇದ್ದವರ ರಕ್ತದಲ್ಲಿ ಡಿ ಕಡಿಮೆ ಇರುವುದು ನಿಜ. ಆದರೆ ಕಾಯಿಲೆಯವರು ಮನೆಯೊಳಗೇ ಇರುತ್ತಾರೆ, ಹಾಗಾಗಿಯೂ ಕಡಿಮೆ ಇರಬಹುದಲ್ಲವೇ? ಇದನ್ನು ತೀರ್ಮಾನಿಸಲು ಅಮೆರಿಕದಲ್ಲಿ 25,871 ಜನರ ಮೇಲೆ ವೈಟಲ್ ಎಂಬ ಪರೀಕ್ಷೆ ನಡೆಯಿತು. ಅರ್ಧ ಜನರಿಗೆ ದಿನಾ 2,000 ಯೂನಿಟ್, ಉಳಿದವರಿಗೆ ಔಷಧವಿಲ್ಲದ ಗುಳಿಗೆ, ಸುಮಾರು ಐದು ವರ್ಷ. ಹೃದಯದ ಕಾಯಿಲೆಯಾಗಲಿ, ಹೊಸ ಕ್ಯಾನ್ಸರ್ ಆಗಲಿ ಕಡಿಮೆಯಾಗಲಿಲ್ಲ. 2022ರಲ್ಲಿ ಬಂದ ಮುಂದಿನ ವರದಿಯಲ್ಲಿ ಮೂಳೆ ಮುರಿತವೂ ಕಡಿಮೆಯಾಗಿರಲಿಲ್ಲ. ಡಿ ಕ್ಷಯವನ್ನು ತಡೆಯುತ್ತದೆಯೇ ಎಂದು ಮಂಗೋಲಿಯಾದಲ್ಲಿ 8,851 ಶಾಲಾಮಕ್ಕಳಿಗೆ ವಾರವಾರ ಕೊಟ್ಟು ನೋಡಿದರು. ಕ್ಷಯದ ಸೋಂಕು ತಗ್ಗಲಿಲ್ಲ. ವೈಟಲ್ ಪರೀಕ್ಷೆಯ ಅಮೆರಿಕನ್ನರಲ್ಲಿ ಹೆಚ್ಚಿನವರಿಗೆ ಮೊದಲೇ ಕೊರತೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹೊಟ್ಟೆ ತುಂಬಿದವನಿಗೆ ಬಡಿಸಿದರೆ ಏನೂ ಆಗದು. ಕೊರತೆ ಇರುವವರಿಗೆ ಮೂಳೆ, ಸ್ನಾಯುಗಳ ಮಟ್ಟಿಗೆ ಡಿ ಅಮೃತವೇ ಸರಿ, ಅದನ್ನು ಈ ಪರೀಕ್ಷೆಗಳು ಅಲ್ಲಗಳೆಯುವುದಿಲ್ಲ.

ಆಸ್ಟ್ರೇಲಿಯಾದ ಒಂದು ಪರೀಕ್ಷೆಯನ್ನು ಮಾತ್ರ ಎಲ್ಲ ವೈದ್ಯರೂ ನೆನಪಿಟ್ಟುಕೊಳ್ಳಬೇಕು ಎನ್ನುವುದು ನನ್ನ ಆಸೆ. ಎಪ್ಪತ್ತು ದಾಟಿದ 2,256 ಹೆಂಗಸರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯೂನಿಟ್ ಒಟ್ಟಿಗೇ ಕೊಟ್ಟರು. ದಿನಾ ನುಂಗುವ ತೊಂದರೆ ತಪ್ಪಲಿ, ಮೂಳೆ ಗಟ್ಟಿಯಾಗಲಿ ಎಂಬ ಒಳ್ಳೆಯ ಉದ್ದೇಶ. 2010ರಲ್ಲಿ ಫಲಿತಾಂಶ ಬಂದಾಗ, ಡಿ ಪಡೆದವರು ಬಿದ್ದದ್ದು ಶೇಕಡಾ 15ರಷ್ಟು ಹೆಚ್ಚು, ಮೂಳೆ ಮುರಿದುಕೊಂಡದ್ದು ಶೇಕಡಾ 26ರಷ್ಟು ಹೆಚ್ಚು. ಅಂದಿನಿಂದ ವೃದ್ಧರಿಗೆ ಸಣ್ಣ ಪ್ರಮಾಣವನ್ನು ನಿತ್ಯ ಕೊಡುವುದೇ ಲೇಸು ಎಂಬ ಕಡೆಗೆ ವೈದ್ಯಲೋಕ ವಾಲಿದೆ.

ಹಾಗಾದರೆ ಯಾರಿಗೆ ಬೇಕು? ಕೂಸಿಗೆ ಬೇಕು. ಎದೆಹಾಲು ಅಮೃತ, ಆದರೆ ಅದರಲ್ಲಿ ಡಿ ಬಹಳ ಕಡಿಮೆ. ಹುಟ್ಟಿದ ಮೊದಲ ದಿನಗಳಿಂದ ಒಂದು ವರ್ಷ ತುಂಬುವವರೆಗೆ ದಿನಕ್ಕೆ 400 ಯೂನಿಟ್ ಹನಿಯ ರೂಪದಲ್ಲಿ ಕೊಡಿ ಎಂದು ಮಕ್ಕಳ ತಜ್ಞರು ಹೇಳುತ್ತಾರೆ. ಇಲ್ಲಿ ಒಂದು ಎಚ್ಚರ: ಒಂದು ಕಂಪನಿಯ ಹನಿಯಲ್ಲಿ ಮಿಲಿಲೀಟರಿಗೆ 400 ಯೂನಿಟ್ ಇದ್ದರೆ ಇನ್ನೊಂದರಲ್ಲಿ 800 ಇರುತ್ತದೆ. ಬಾಟಲಿ ಬದಲಾದಾಗ ಲೇಬಲ್ ಓದಿಸಿ, ಅದರ ಜೊತೆಗೇ ಬಂದ ಪಿಚಕಾರಿಯಲ್ಲೇ ಅಳೆಯಿರಿ. ಮನೆಯ ಚಮಚ ಬೇಡ.

ಬಸುರಿ ಹೆಂಗಸರಿಗೆ ಬೇಕು. ಹಾಸಿಗೆ ಹಿಡಿದ, ಮನೆಬಿಟ್ಟು ಹೊರಡದ ಹಿರಿಯರಿಗೆ ಬೇಕು. ಫಿಟ್ಸ್ ಮಾತ್ರೆ, ಸ್ಟೀರಾಯ್ಡ್ ದೀರ್ಘಕಾಲ ತೆಗೆದುಕೊಳ್ಳುವವರಿಗೆ, ಕರುಳಿನ ಕಾಯಿಲೆಯವರಿಗೆ ಬೇಕು. ಇವರೆಲ್ಲರಿಗಿಂತ ನಮ್ಮ ಕಣ್ಣಿಗೆ ಬೀಳದೆ ತಪ್ಪಿಹೋಗುವವರು ಮಧ್ಯವಯಸ್ಸಿನ ಹೆಂಗಸರು. ಹಲವು ಹೆರಿಗೆ, ಊಟದಲ್ಲಿ ಹಾಲಿಲ್ಲ, ದಿನವಿಡೀ ಅಡುಗೆಮನೆ. ನೆಲದಿಂದ ಏಳಲು ಕೈ ಊರಬೇಕು, ಮೆಟ್ಟಿಲು ಹತ್ತಲಾಗದು, ತೊಡೆ ಸೊಂಟದ ಮೂಳೆಗಳಲ್ಲೇ ನೋವು, ನಡೆಯುವಾಗ ಅತ್ತಿತ್ತ ವಾಲುತ್ತಾರೆ. ವಾಯು ಎನ್ನುತ್ತಾರೆ, ಸಂಧಿವಾತ ಎನ್ನುತ್ತಾರೆ, ಮನಸ್ಸಿನ ಕಾಯಿಲೆ ಎಂದೂ ಹೇಳಿ ಕಳಿಸುತ್ತಾರೆ. ದೊಡ್ಡವರಲ್ಲಿ ಮೂಳೆ ಮೆತ್ತಗಾಗುವ ಆಸ್ಟಿಯೋಮಲೇಷಿಯಾ ಇದು. ಡಿ ಮತ್ತು ಕ್ಯಾಲ್ಸಿಯಂ ಸರಿಯಾಗಿ ಕೊಟ್ಟರೆ ಕೆಲವು ತಿಂಗಳಲ್ಲಿ ಇವರು ತಾವೇ ಎದ್ದು ನಡೆಯುತ್ತಾರೆ. ಇಷ್ಟು ಅಗ್ಗದ ಔಷಧದಿಂದ ಇಷ್ಟು ದೊಡ್ಡ ಬದಲಾವಣೆ ಆಗುವ ರೋಗಗಳು ಹೆಚ್ಚಿಲ್ಲ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಹೀಗೆ ಕೈಯೂರಿ ಏಳುವ ತಾಯಂದಿರಿದ್ದರೆ ದಯವಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಆರೋಗ್ಯವಾಗಿರುವವರು ಸುಮ್ಮನೆ ಡಿ ರಕ್ತಪರೀಕ್ಷೆ ಮಾಡಿಸಬೇಕಿಲ್ಲ. ಲ್ಯಾಬಿನ ಹಾಳೆಯಲ್ಲಿ ಮಿಲಿಲೀಟರಿಗೆ 30 ನ್ಯಾನೋಗ್ರಾಮಿಗಿಂತ ಕಡಿಮೆ ಇದ್ದರೆ ಸಾಲದು ಎಂದು ಅಚ್ಚಾಗಿರುತ್ತದೆ. 20 ಇದ್ದರೆ ಹೆಚ್ಚಿನವರ ಮೂಳೆಗೆ ಸಾಕು ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲೇ ಹೇಳಿತ್ತು. 30ರ ಗೆರೆ ಎಳೆದಿದ್ದ ಅಲ್ಲಿಯ ಹಾರ್ಮೋನು ತಜ್ಞರ ಸಂಘ 2024ರಲ್ಲಿ ಆ ಗೆರೆಯನ್ನು ಕೈಬಿಟ್ಟು, ಆರೋಗ್ಯವಂತರಿಗೆ ಈ ಪರೀಕ್ಷೆ ವಾಡಿಕೆಯಾಗಿ ಬೇಡ ಎಂದಿತು. ಆ ದುಡ್ಡಿಗೆ ಎಷ್ಟೋ ದಿನದ ಹಾಲು ಬರುತ್ತದೆ.

ಹಾಲಿನ ಮಾತು ಬಂದದ್ದರಿಂದ ಆಗ ಬಿಟ್ಟ ಎಳೆಗೆ ಬರುತ್ತೇನೆ. ಕ್ಯಾಲ್ಸಿಯಂ ಇಲ್ಲದ ಊಟದ ಜೊತೆ ಡಿ ಒಂದನ್ನೇ ನುಂಗಿದರೆ ಅದು ಹೀರಿಸುವುದಾದರೂ ಏನನ್ನು? ನಮ್ಮ ಪುಣ್ಯ, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ರಾಗಿಯಲ್ಲಿರುವ ಫೈಟೇಟ್ ಸ್ವಲ್ಪ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ, ಅಂಬಲಿ ಹುಳಿ ಬರಿಸಿದರೆ ಅದು ತಗ್ಗುತ್ತದೆ. ಮುದ್ದೆಯ ಜೊತೆಗೆ ಒಂದು ಲೋಟ ಮಜ್ಜಿಗೆ ಇರಲಿ. ವಿಟಮಿನ್ ಡಿ ಮಾತ್ರ ಊಟದಿಂದ ಸಿಗುವುದು ಕಷ್ಟ. ಕರಾವಳಿಯವರಿಗೆ ಬೂತಾಯಿ, ಬಂಗುಡೆ ಇದೆ. ಮೊಟ್ಟೆಯ ಹಳದಿಯಲ್ಲಿ ಅಷ್ಟಿಷ್ಟು ಇದೆ. ಸಸ್ಯಾಹಾರಿಗಳಿಗೆ ದಾರಿ ಕಿರಿದು.

ಹಾಗಾಗಿಯೇ ಆಹಾರಕ್ಕೆ ಡಿ ಸೇರಿಸುವ ಕ್ರಮ ಬಂದದ್ದು. ಫಿನ್ಲೆಂಡ್ 2003ರಿಂದ ಹಾಲಿಗೆ ಸೇರಿಸಿ ತನ್ನ ಜನರ ಮಟ್ಟವನ್ನು ಮೇಲೆತ್ತಿತು. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹಾಲು ಮತ್ತು ಅಡುಗೆ ಎಣ್ಣೆಗೆ ಎ ಮತ್ತು ಡಿ ಸೇರಿಸುವ ಮಾನದಂಡ ಗೊತ್ತುಮಾಡಿತು. ಪ್ಯಾಕೆಟ್ಟಿನ ಮೇಲೆ ನೀಲಿ ಬಣ್ಣದ, ಪ್ಲಸ್ ಎಫ್ ಎಂಬ ಗುರುತು ಇದ್ದರೆ ಸೇರಿಸಿದ್ದಾರೆ ಎಂದರ್ಥ. ಲೀಟರ್ ಹಾಲಿಗೆ ಸೇರಿಸುವುದು 200ರಿಂದ 300 ಯೂನಿಟ್ ಅಷ್ಟೇ. ಒಂದು ಲೋಟದಿಂದ ದಿನದ ಅಗತ್ಯ ತೀರದು, ಅತಿಯಾಗುವ ಭಯವೂ ಇಲ್ಲ. ಶಾಲೆಯ ಹಾಲಿಗೆ, ಅಂಗನವಾಡಿಯ ಎಣ್ಣೆಗೆ, ರೇಷನ್ ಅಂಗಡಿಯ ಎಣ್ಣೆಗೆ ಈ ಗುರುತು ತಪ್ಪದೆ ಬರಬೇಕೆಂದು ನಾವು ಕೇಳಬೇಕು. ಮಾತ್ರೆ ಕೊಳ್ಳಲಾಗದವರ ತಟ್ಟೆಗೂ ಅದು ತಲುಪುತ್ತದೆ.

ಈಗಾಗಲೇ ಗುಳಿಗೆ ನುಂಗುತ್ತಿರುವವರು ಇವತ್ತೇ ಡಬ್ಬಿ ತೆಗೆದು ನೋಡಿ. ಅದರ ಮೇಲಿನ ಅಂಕಿ 60,000 ಇದ್ದರೆ, ಅದನ್ನು ವಾರಕ್ಕೊಂದು ನುಂಗುತ್ತಿದ್ದೀರೋ ದಿನಕ್ಕೊಂದೋ, ಎಷ್ಟನೇ ವಾರ ಇದು ಎಂದು ಲೆಕ್ಕ ಹಾಕಿ. ವಾರದ ಒಂದು ದಿನ ಗೊತ್ತುಮಾಡಿ, ಊಟವಾದ ಮೇಲೆ ತೆಗೆದುಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕೊಬ್ಬಿನಂಶವಿರುವ ಊಟದ ಜೊತೆ ಅದು ಚೆನ್ನಾಗಿ ಹಿಡಿಯುತ್ತದೆ. ಎಂಟು ವಾರ ಮುಗಿದಿದ್ದರೆ ಮುಂದಿನ ಗುಳಿಗೆ ಕೊಳ್ಳುವ ಮೊದಲು ವೈದ್ಯರನ್ನು ಕೇಳಿ. ಆಮೇಲೆ ಬೇಕಾಗುವುದು ತಿಂಗಳಿಗೊಂದೋ, ದಿನಕ್ಕೆ 600ರಿಂದ 1,000 ಯೂನಿಟ್‌ನ ಚಿಕ್ಕ ಮಾತ್ರೆಯೋ, ಅಥವಾ ಏನೂ ಬೇಡವೋ ಎಂದು ಅವರು ಹೇಳುತ್ತಾರೆ. ದಿನಕ್ಕೊಂದರಂತೆ ನುಂಗಿದ್ದು ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ, ಡಬ್ಬಿಯನ್ನೂ ಹಳೆಯ ಚೀಟಿಗಳನ್ನೂ ಹಿಡಿದು ಆಸ್ಪತ್ರೆಗೆ ಹೋಗಿ ರಕ್ತದ ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ.